ನೀನು ಅನ್ನಲಾ, ನೀವು ಅನ್ನಲಾ?

ಗ್ರಹಣಕ್ಕೆ ಇನ್ನೂ ಎರಡು ದಿನ ಇತ್ತು. ರಾತ್ರಿ ಹನ್ನೊಂದರ ಹೊತ್ತಿಗೆ, ಆಕಾಶ ನೋಡುವ ಹವ್ಯಾಸದವರ ನಮ್ಮ ಆನ್‌ಲೈನ್ ಗುಂಪಿನಲ್ಲಿ ಒಂದು ಪ್ರಶ್ನೆ ಬಂತು. "ಎರಡು ಕೂಲಿಂಗ್ ಗ್ಲಾಸ್ ಒಂದರ ಮೇಲೊಂದು ಹಾಕಿಕೊಂಡು ಬೈನಾಕ್ಯುಲರ್‌ನಲ್ಲಿ ಸೂರ್ಯನನ್ನು ನೋಡಬಹುದಾ?" ಕೇಳಿದವರ ಹೆಸರಿನ ಪಕ್ಕ ಚಂದ್ರನ ಚಿತ್ರ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಹೆಸರಿನಿಂದ ಅದಕ್ಕೆ ಮುಂಚೆ ಒಂದು ಸಾಲೂ ಬಂದಿರಲಿಲ್ಲ.

ಎರಡೇ ನಿಮಿಷದಲ್ಲಿ ಗುಂಪಿನ ಹಳಬರೊಬ್ಬರು ಉತ್ತರ ಕೊಟ್ಟರು. "ನೋಡಬಹುದು. ಒಟ್ಟು ಎರಡು ಸಲ. ಒಂದೊಂದು ಕಣ್ಣಿಗೆ ಒಂದೊಂದು ಸಲ."

ಟೆಲಿಸ್ಕೋಪ್ ಇಟ್ಟುಕೊಂಡವರ ನಡುವೆ ಇದು ತುಂಬಾ ಹಳೆಯ ಮಾತು. ನೋಡಬೇಡ, ಕಣ್ಣು ಹೋಗುತ್ತದೆ ಎಂಬುದನ್ನೇ ಹಾಗೆ ಹೇಳುತ್ತಾರೆ. ಐದಾರು ಜನ ನಗುವ ಮುಖ ಒತ್ತಿದರು. ಗುಂಪಿನ ಮಾತುಕತೆ ನೋಡಿಕೊಳ್ಳುವ ನಾಲ್ವರು ಮಾಡರೇಟರ್‌ಗಳಲ್ಲಿ ನಾನೂ ಒಬ್ಬಳು. ನನಗೂ ನಗು ಬಂತು. ಫೋನ್ ಪಕ್ಕಕ್ಕಿಟ್ಟು ಮಲಗಿದೆ. ಯಾಕೋ ನಿದ್ದೆ ಹತ್ತಲಿಲ್ಲ. ಎದ್ದು ಆ ಉತ್ತರವನ್ನು ಅಳಿಸಿದೆ. ಅದರ ಜಾಗದಲ್ಲಿ ನೇರವಾಗಿ ಬರೆದೆ. ಯಾವ ಕೂಲಿಂಗ್ ಗ್ಲಾಸೂ ಆಗುವುದಿಲ್ಲ, ಎರಡಲ್ಲ, ಹತ್ತು ಹಾಕಿಕೊಂಡರೂ ಆಗುವುದಿಲ್ಲ. ಬೈನಾಕ್ಯುಲರ್ ಅಂತೂ ಬೇಡವೇ ಬೇಡ, ಅದು ಸೂರ್ಯನ ಬೆಳಕನ್ನೆಲ್ಲ ಒಟ್ಟುಮಾಡಿ ಕಣ್ಣಿನೊಳಗೆ ಸುರಿಯುತ್ತದೆ. ರೆಟಿನಾಕ್ಕೆ ನೋವು ಗೊತ್ತಾಗುವುದಿಲ್ಲ. ಸುಡುವಾಗ ಏನೂ ಅನ್ನಿಸುವುದಿಲ್ಲ, ದೃಷ್ಟಿ ಮಸುಕಾದ ಮೇಲೆಯೇ ತಿಳಿಯುವುದು.

ಮರುದಿನ ಅದೇ ಖಾತೆಯಿಂದ ನನಗೆ ಸಂದೇಶ ಬಂತು. "ನಿನ್ನೆ ಕೇಳಿದ್ದು ನನ್ನ ಮಗಳು. ಅವಳಿಗೆ 11 ವರ್ಷ. ನನ್ನ ಫೋನಿನಲ್ಲಿ ನಿಮ್ಮ ಗುಂಪನ್ನು ದಿನಾ ಓದುತ್ತಾಳೆ. ಮೊದಲು ಬಂದ ಉತ್ತರ ನೋಡಿ 'ಅಮ್ಮಾ, ಎರಡು ಸಲ ನೋಡಬಹುದಂತೆ' ಅಂದಳು. ಆಮೇಲೆ ನಿಮ್ಮದು ಓದಿದೆವು."

ಅವತ್ತಿಡೀ ನನಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ದಿನಾ ಓದುತ್ತಾಳೆ ಎಂಬ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು. ಎಷ್ಟು ದಿನದಿಂದ ಓದುತ್ತಿದ್ದಳೋ. ನಾವು ಏನೇನು ಮಾತಾಡಿದ್ದೆವೋ.

ಉತ್ತರ ಅಳಿಸಿದ್ದಕ್ಕೆ ಆ ಹಿರಿಯರು ತುಂಬಾ ನೊಂದುಕೊಂಡರು. "ಹತ್ತು ವರ್ಷದಿಂದ ಇಲ್ಲಿದ್ದೇನೆ. ಎಷ್ಟೋ ಜನಕ್ಕೆ ಟೆಲಿಸ್ಕೋಪಿನ ಕನ್ನಡಿ ಹೊಂದಿಸುವುದು ಹೇಳಿಕೊಟ್ಟಿದ್ದೇನೆ. ಒಂದು ಜೋಕ್ ಹೇಳುವಷ್ಟು ಸಲಿಗೆಯೂ ನನಗಿಲ್ವಾ?" ಎಂದು ಬರೆದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಗುಂಪು ಶುರುವಾದಾಗ ಇದ್ದದ್ದು ಹನ್ನೆರಡು ಜನ. ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿದ್ದವರು. ಆ ಹನ್ನೆರಡು ಜನರ ನಡುವೆ ಆ ಜೋಕ್ ಸರಿಯಾಗಿಯೇ ಇತ್ತು. ಈಗ ನಾಲ್ಕು ಸಾವಿರ ಜನ ಇದ್ದಾರೆ. ಅವರು ಮಾತಾಡಿದ್ದು ಹಳೆಯ ಹನ್ನೆರಡು ಜನರ ಜೊತೆ. ಕೇಳಿಸಿಕೊಂಡದ್ದು ಯಾರು ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಆನ್‌ಲೈನ್ ಗುಂಪುಗಳಲ್ಲಿ ಮಾತಾಡುವವರು ಯಾವಾಗಲೂ ಸ್ವಲ್ಪ ಜನ. ಜನ ವೆಬ್ ತಾಣಗಳನ್ನು ಹೇಗೆ ಬಳಸುತ್ತಾರೆ ಎಂದು ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 2006ರಲ್ಲಿ ಇದಕ್ಕೊಂದು ಅಂದಾಜಿನ ಲೆಕ್ಕ ಹೇಳಿದರು. ನೂರು ಜನರಲ್ಲಿ ತೊಂಬತ್ತು ಜನ ಓದುತ್ತಾರೆ ಅಷ್ಟೆ. ಒಂಬತ್ತು ಜನ ಆಗೀಗ ಬರೆಯುತ್ತಾರೆ. ಹೆಚ್ಚಿನದನ್ನೆಲ್ಲ ಬರೆಯುವುದು ಉಳಿದ ಒಬ್ಬರು. ನಮ್ಮ ಗುಂಪಿನ ಪುಟಗಳನ್ನು ನೋಡಿದರೆ ಈ ಲೆಕ್ಕ ಹೆಚ್ಚು ಕಡಿಮೆ ಸರಿಯೇ ಅನ್ನಿಸುತ್ತದೆ. ಇಷ್ಟು ವರ್ಷ ನಾನು ಗುಂಪನ್ನು ನೋಡಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದೆ. ನಿಜಕ್ಕೂ ನೋಡಿಕೊಳ್ಳುತ್ತಿದ್ದದ್ದು ಆ ಹತ್ತು ಜನರ ಮಾತನ್ನು. ತೊಂಬತ್ತು ಜನ ನನ್ನ ಲೆಕ್ಕದಲ್ಲೇ ಇರಲಿಲ್ಲ. ಯಾರು ಸುಮ್ನೆ ಓದುತ್ತಾರೋ ಅವರಲ್ಲಿ ಚಿಕ್ಕವರು ಜಾಸ್ತಿ, ತೀರಾ ವಯಸ್ಸಾದವರು ಜಾಸ್ತಿ ಎಂದು ನನಗೆ ನಿಧಾನವಾಗಿ ತಿಳಿಯತೊಡಗಿತು. ಅಂಕಿಅಂಶ ಇಟ್ಟುಕೊಂಡು ಹೇಳುತ್ತಿಲ್ಲ. ಆ ಗ್ರಹಣದ ನಂತರ ನಮಗೆ ಖಾಸಗಿಯಾಗಿ ಬಂದ ಸಂದೇಶಗಳನ್ನು ಓದಿ ಹೇಳುತ್ತಿದ್ದೇನೆ.

ಒಂದೇ ಮಾತನ್ನು ಬೇರೆ ಬೇರೆ ಕೂಟದವರು ಒಟ್ಟಿಗೆ ಕೇಳಿಸಿಕೊಂಡಾಗ ಆಗುವ ಈ ಗೊಂದಲದ ಬಗ್ಗೆ ಡಾನಾ ಬಾಯ್ಡ್ ಮತ್ತು ಆಲಿಸ್ ಮಾರ್ವಿಕ್ ಎಂಬ ಸಂಶೋಧಕಿಯರು ಬರೆದಿದ್ದಾರೆ. ಗೆಳೆಯರ ಜೊತೆ ಒಂದು ಥರ ಮಾತಾಡುತ್ತೇವೆ, ಅಜ್ಜಿಯ ಜೊತೆ ಇನ್ನೊಂದು ಥರ, ಮೇಷ್ಟ್ರ ಜೊತೆ ಮತ್ತೊಂದು ಥರ. ಎದುರಿಗಿದ್ದಾಗ ಮುಖ ನೋಡಿ ಮಾತು ತಾನಾಗೇ ಬದಲಾಗುತ್ತದೆ. ಆನ್‌ಲೈನಿನಲ್ಲಿ ಆ ಗೋಡೆಗಳೆಲ್ಲ ಬಿದ್ದುಹೋಗಿ, ಗೆಳೆಯ, ಅಜ್ಜಿ, ಮೇಷ್ಟ್ರು ಮೂವರೂ ಒಂದೇ ಸಾಲನ್ನು ಓದುತ್ತಾರೆ. ಫೇಸ್‌ಬುಕ್‌ಗೆ ಆದದ್ದೂ ಇದೇ. 2004ರಲ್ಲಿ ಒಂದು ವಿಶ್ವವಿದ್ಯಾಲಯದ ಹುಡುಗ ಹುಡುಗಿಯರಿಗಾಗಿ ಶುರುವಾದದ್ದು. 2005ರಲ್ಲಿ ಹೈಸ್ಕೂಲಿನವರು ಬಂದರು. 2006ರ ಸೆಪ್ಟೆಂಬರ್‌ನಲ್ಲಿ 13 ದಾಟಿದ ಯಾರಿಗೆ ಬೇಕಾದರೂ ಬಾಗಿಲು ತೆರೆಯಿತು. ಆಮೇಲೆ ಅಪ್ಪ ಅಮ್ಮಂದಿರೂ ಬಂದರು. ಹರೆಯದವರು ಓಡಿಹೋಗಲಿಲ್ಲ, ಬರೆಯುವ ರೀತಿ ಬದಲಿಸಿದರು. ಗೆಳತಿಗೆ ಅರ್ಥವಾಗುವ, ಅಮ್ಮನಿಗೆ ಸುಮ್ನೆ ಯಾವುದೋ ಸಾಲು ಎಂದು ಕಾಣುವ ಹಾಗೆ ಬರೆಯತೊಡಗಿದರು ಎಂದು ಬಾಯ್ಡ್ ದಾಖಲಿಸಿದ್ದಾರೆ. ಕೇಳುವವರು ಯಾರು ಎಂಬುದನ್ನು ಮಕ್ಕಳು ನಮಗಿಂತ ಬೇಗ ಕಲಿತರು.

ವಯಸ್ಸು ಕೇಳಿಬಿಟ್ಟರೆ ಆಯ್ತಲ್ವಾ ಎಂದು ನಮ್ಮ ಮಾಡರೇಟರ್‌ಗಳಲ್ಲಿ ಒಬ್ಬರು ಆಗ ಹೇಳಿದರು. ಸೇರುವಾಗ ಹುಟ್ಟಿದ ವರ್ಷ ಬರೆಸಿಕೊಳ್ಳೋಣ, 13ಕ್ಕಿಂತ ಕೆಳಗಿನವರು ಬೇಡ ಅನ್ನೋಣ ಎಂದು. ಎಲ್ಲ ಕಡೆ ಹಾಗೇ ಇದೆಯಲ್ಲ. ಈ 13 ಎಲ್ಲಿಂದ ಬಂತು ಎಂದು ಹುಡುಕಿ ಓದಿದೆ. ಮಕ್ಕಳ ವೈದ್ಯರೋ ಶಿಕ್ಷಕರೋ ಕೂತು ಗೆರೆ ಎಳೆದಿರಬೇಕು ಎಂದು ನಾನು ನಂಬಿದ್ದೆ. ಹಾಗಲ್ಲ. ಅಮೆರಿಕದಲ್ಲಿ 1998ರಲ್ಲಿ ಆದ ಒಂದು ಕಾನೂನು ಅದು, 2000ದ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 13 ತುಂಬದ ಮಕ್ಕಳ ಮಾಹಿತಿಯನ್ನು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಕಂಪನಿಗಳು ಸಂಗ್ರಹಿಸಬಾರದು ಎಂಬುದು ಅದರ ತಿರುಳು. ಮಗು ಯಾವ ವಯಸ್ಸಿಗೆ ಗುಂಪಿನಲ್ಲಿ ಮಾತಾಡಬಹುದು, ಏನು ಓದಬಹುದು ಎಂಬ ವಿಚಾರವೇ ಅದರಲ್ಲಿಲ್ಲ. ಒಪ್ಪಿಗೆ ಪಡೆಯುವ ತಾಪತ್ರಯ ಯಾರಿಗೆ ಬೇಕು ಎಂದು ಕಂಪನಿಗಳು 13ರ ಕೆಳಗಿನವರಿಗೆ ಪ್ರವೇಶ ಇಲ್ಲ ಎಂದು ಬರೆದುಬಿಟ್ಟವು.

ಆ ಕಾನೂನಿನಲ್ಲಿ ಇನ್ನೊಂದು ಅಂಶ ಇದೆ. ಮಕ್ಕಳಿಗೆಂದೇ ಮಾಡಿದ ತಾಣಗಳಿಗೆ ಅದು ಅನ್ವಯ. ಎಲ್ಲರಿಗೂ ಇರುವ ತಾಣವಾದರೆ, ಬಳಸುತ್ತಿರುವುದು ಮಗು ಎಂದು ಅವರಿಗೆ ನಿಜವಾಗಿ ಗೊತ್ತಿದ್ದರೆ ಮಾತ್ರ ಅನ್ವಯ. ಇದರ ಫಲ ಏನು ಯೋಚಿಸಿ. ಗೊತ್ತಿಲ್ಲದೇ ಇರುವುದೇ ಕಂಪನಿಗೆ ಲಾಭ. ಮಗು ಸುಳ್ಳು ವರ್ಷ ಒತ್ತುತ್ತದೆ, ಕಂಪನಿ ಅದನ್ನು ನಂಬುತ್ತದೆ, ಇಬ್ಬರೂ ಸುಮ್ಮನಾಗುತ್ತಾರೆ. ಒಳಗೆ ಬಂದ ಆ ಮಗುವನ್ನು ಅಲ್ಲಿಂದ ಮುಂದೆ ದೊಡ್ಡವರೆಂದೇ ನಡೆಸಿಕೊಳ್ಳಲಾಗುತ್ತದೆ. ನನಗೆ ತೀರಾ ನೋವಾಗುವುದು ಇಲ್ಲಿ. ಮಗು ನಮ್ಮ ಬಾಗಿಲಲ್ಲಿ ಕಲಿಯುವ ಮೊದಲ ಪಾಠ ಸುಳ್ಳು ಹೇಳುವುದು. ಆ ಸುಳ್ಳಿನಿಂದಲೇ ಅದಕ್ಕೆ ಸಿಗಬೇಕಾದ ಕಾಳಜಿ ತಪ್ಪಿಹೋಗುತ್ತದೆ.

ಗೆರೆಯೂ ಎಲ್ಲ ಕಡೆ ಒಂದೇ ಇಲ್ಲ. ಯುರೋಪಿನಲ್ಲಿ 2018ರಿಂದ ಅದು 16, ಬೇಕಾದ ದೇಶ 13ರವರೆಗೆ ಇಳಿಸಿಕೊಳ್ಳಬಹುದು. ಭಾರತದ 2023ರ ಕಾನೂನಿನಲ್ಲಿ 18 ತುಂಬದವರೆಲ್ಲ ಮಕ್ಕಳೇ. ಯುರೋಪಿನಲ್ಲಿ ವಾಟ್ಸಾಪ್ 2018ರಲ್ಲಿ 16 ಎಂದಿತು, 2024ರಲ್ಲಿ ಮತ್ತೆ 13ಕ್ಕೆ ಬಂತು. ಆ ಆರು ವರ್ಷದಲ್ಲಿ ಮಕ್ಕಳೇನೂ ಬದಲಾಗಿರಲಿಲ್ಲ.

ಹುಟ್ಟಿದ ವರ್ಷ ಕೇಳುವುದು ಬೇಡ ಎಂದು ನಾವು ತೀರ್ಮಾನಿಸಿದೆವು. ಅದಕ್ಕೆ ಕಾನೂನಿಗಿಂತ ದೊಡ್ಡ ಕಾರಣ ಒಬ್ಬ ಹುಡುಗ.

2019ರ ಕೊನೆಯಲ್ಲಿ ಆರ್ದ್ರಾ ನಕ್ಷತ್ರ ಮಂಕಾಗತೊಡಗಿತ್ತು. ಬೀಟಲ್‌ಜ್ಯೂಸ್ ಎಂದು ಕರೆಯುತ್ತಾರಲ್ಲ, ಆ ಕೆಂಪು ನಕ್ಷತ್ರ. ಸಾಮಾನ್ಯವಾಗಿ ಅದರ ಕಾಂತಿಮಾನ 0.5ರ ಆಸುಪಾಸು. 2020ರ ಫೆಬ್ರವರಿಯ ಹೊತ್ತಿಗೆ ಸುಮಾರು 1.6ಕ್ಕೆ ಇಳಿಯಿತು. ಕಾಂತಿಮಾನದಲ್ಲಿ ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಬರಿಗಣ್ಣಿಗೇ ಗೊತ್ತಾಗುವಷ್ಟು ಬದಲಾವಣೆ. ಗುಂಪಿನಲ್ಲಿ ಎಲ್ಲರಿಗೂ ಸಂಭ್ರಮ. ಅದರಲ್ಲಿ ಒಬ್ಬರು ಮೋಡ ಇಲ್ಲದ ಪ್ರತಿ ರಾತ್ರಿ ತಪ್ಪದೆ ತಮ್ಮ ಅಂದಾಜು ಬರೆಯುತ್ತಿದ್ದರು. ಒಂದು ಕಡೆ ರೋಹಿಣಿ, ಇನ್ನೊಂದು ಕಡೆ ಬೆಲ್ಲಾಟ್ರಿಕ್ಸ್ ಎಂಬ ನಕ್ಷತ್ರ, ಎರಡರ ನಡುವೆ ಆರ್ದ್ರೆಯನ್ನು ಇಟ್ಟು ತೂಗುತ್ತಿದ್ದರು. ಕಾಂತಿಮಾನದಲ್ಲಿ 0.1 ಅನ್ನುವ ಬದಲು "ಒಂದು ಗೆರೆ" ಎಂದು ಬರೆಯುತ್ತಿದ್ದರು. "ಇವತ್ತು ನಿನ್ನೆಗಿಂತ ಅರ್ಧ ಗೆರೆ ಮಂಕು." ಆ ಪದ ನಮಗೆಲ್ಲ ಇಷ್ಟವಾಗಿತ್ತು. ಎಲ್ಲರೂ ಅವರನ್ನು ಸರ್ ಎಂದು ಕರೆಯುತ್ತಿದ್ದೆವು. ಇಬ್ಬರು ಮೂವರು ಹಿರಿಯರ ಲೆಕ್ಕದಲ್ಲಿದ್ದ ತಪ್ಪನ್ನು ಅವರು ತೋರಿಸಿದಾಗ, ಆ ಹಿರಿಯರು ಮರುಮಾತಾಡದೆ ತಿದ್ದಿಕೊಂಡಿದ್ದರು.

ಫೆಬ್ರವರಿಯಲ್ಲಿ ಒಂದು ದಿನ ಅವರು ಬರೆದರು: "ನಾಳೆ ಒಂಬತ್ತನೇ ಕ್ಲಾಸಿನ ಗಣಿತ ಪರೀಕ್ಷೆ. ಇವತ್ತು ನೋಡಲು ಆಗುವುದಿಲ್ಲ."

ಆಮೇಲೆ ಆದದ್ದನ್ನು ನಾನು ಎಷ್ಟೋ ಸಲ ತೆಗೆದು ಓದಿದ್ದೇನೆ. "ಅಯ್ಯೋ, ನೀನಿನ್ನೂ ಚಿಕ್ಕವನಾ!" "ಪುಟ್ಟಾ, ಚೆನ್ನಾಗಿ ಓದು, ನಕ್ಷತ್ರ ಎಲ್ಲೂ ಹೋಗಲ್ಲ." "ನಾನು ನಿಮ್ಮನ್ನು ನಿವೃತ್ತ ಪ್ರೊಫೆಸರ್ ಅಂದ್ಕೊಂಡಿದ್ದೆ ಕಣೋ." ಎಲ್ಲವೂ ಪ್ರೀತಿಯಿಂದ ಬರೆದದ್ದೇ. ನಾನೂ "ಶಹಬ್ಬಾಸ್ ಮರೀ" ಎಂದು ಬರೆದೆ. ಪರೀಕ್ಷೆ ಮುಗಿಸಿ ಅವನು ಮತ್ತೆ ಬಂದ. ಒಬ್ಬರ ಅಂದಾಜಿನಲ್ಲಿ ತಪ್ಪಿದೆ, ನಕ್ಷತ್ರ ದಿಗಂತದ ಹತ್ತಿರ ಇದ್ದಾಗ ಗಾಳಿಯೇ ಅದನ್ನು ಮಂಕಾಗಿಸುತ್ತದೆ, ಅದನ್ನು ಕಳೆಯಬೇಕು ಎಂದು ಬರೆದ. ಸರಿಯಾದ ಮಾತು. ಬಂದ ಉತ್ತರ: "ಈ ವಯಸ್ಸಿಗೇ ಎಷ್ಟು ತಿಳ್ಕೊಂಡಿದ್ದೀಯಾ!" ಹನ್ನೆರಡು ಜನ ಅದನ್ನು ಮೆಚ್ಚಿದರು. ಅವನು ಎತ್ತಿದ ಲೆಕ್ಕಕ್ಕೆ ಒಬ್ಬರೂ ಉತ್ತರ ಕೊಡಲಿಲ್ಲ. ಹಿಂದಿನ ತಿಂಗಳು ಇದನ್ನೇ "ಸರ್" ಹೇಳಿದ್ದರೆ ಅರ್ಧ ರಾತ್ರಿ ಚರ್ಚೆ ಆಗುತ್ತಿತ್ತು.

ಏಪ್ರಿಲ್ ಹೊತ್ತಿಗೆ ಅವನು ಬರೆಯುವುದನ್ನು ನಿಲ್ಲಿಸಿದ.

ಇಲ್ಲಿ ಯಾವ ನಿಯಮವೂ ಮುರಿದಿರಲಿಲ್ಲ. ಯಾರೂ ಬೈದಿರಲಿಲ್ಲ. ಮಾಡರೇಟರ್ ಆಗಿ ನಾನು ಅಳಿಸಬೇಕಾದ ಒಂದು ಸಾಲೂ ಇರಲಿಲ್ಲ. ಆದರೂ ಒಬ್ಬ ಒಳ್ಳೆಯ ನೋಟಗಾರನನ್ನು ನಾವು ಮೆಚ್ಚಿ ಮೆಚ್ಚಿ ಹೊರಗೆ ಕಳಿಸಿದೆವು. ಬೈಗುಳಕ್ಕೆ ಫಿಲ್ಟರ್ ಹಾಕಬಹುದು. ಇಂಥದ್ದಕ್ಕೆ ಯಾವ ಫಿಲ್ಟರ್ ಇದೆ?

ಕನ್ನಡದಲ್ಲಿ ಇದು ಇನ್ನೂ ಕಷ್ಟ. ಒಬ್ಬರಿಗೆ ಉತ್ತರ ಬರೆಯಬೇಕಾದರೆ ಮೊದಲು ಅವರ ವಯಸ್ಸನ್ನು ಮನಸ್ಸಿನಲ್ಲೇ ಅಂದಾಜು ಮಾಡಬೇಕು. ನೀನು ಅನ್ನಲಾ, ನೀವು ಅನ್ನಲಾ? ಆ ಪದವನ್ನೇ ಬಿಟ್ಟು ಬರೆದರೂ ಕ್ರಿಯಾಪದದಲ್ಲಿ ಸಿಕ್ಕಿಬೀಳುತ್ತೇವೆ. ನೋಡು, ನೋಡಿ. ಬರೆದೆಯಾ, ಬರೆದಿರಾ. ಫ್ರೆಂಚರಿಗೂ ತೂ ಮತ್ತು ವೂ ಇದೆ, ಜರ್ಮನರಿಗೂ ದೂ ಮತ್ತು ಝೀ ಇದೆ. ಅಲ್ಲಿನ ಗುಂಪುಗಳಲ್ಲಿ ಆನ್‌ಲೈನ್ ಅಂದರೆ ಎಲ್ಲರಿಗೂ ಸಲಿಗೆಯ ಮಾತೇ ಎಂಬ ರೂಢಿ ಸಾಕಷ್ಟು ಕಡೆ ಇದೆ. ನಮ್ಮಲ್ಲಿ ಆ ರೂಢಿ ಇಲ್ಲ. ನೀನು ಎಂದ ಕ್ಷಣ ಪ್ರೀತಿಯೂ ಬರುತ್ತದೆ, ಒಂದು ಮೆಟ್ಟಿಲೂ ಬರುತ್ತದೆ. ಆ ಮೆಟ್ಟಿಲ ಕೆಳಗೆ ನಿಂತು ಮೇಲಿನವರ ಲೆಕ್ಕ ತಪ್ಪು ಎಂದು ಹೇಳುವುದು 14 ವರ್ಷದವರಿಗೆ ಸುಲಭ ಅಲ್ಲ.

ವಯಸ್ಸು ಕಾಣದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆ ಇದೆ. ತಾಣಗಳಲ್ಲಿ ಹೊಸದಾಗಿ ಬಂದದ್ದನ್ನು ಓದುಗರಿಗೆ ತಲುಪಿಸುವ ಆರ್‌ಎಸ್‌ಎಸ್ 1.0 ಎಂಬ ಮಾನದಂಡ 2000ದಲ್ಲಿ ಸಿದ್ಧವಾಯಿತು. ಅದನ್ನು ರೂಪಿಸಿದವರಲ್ಲಿ ಆರನ್ ಸ್ವಾರ್ಟ್ಸ್ ಒಬ್ಬ. ಆಗ ಅವನಿಗೆ 14. ಅವನು ಬರೆದದ್ದು ಬರೀ ಅಕ್ಷರಗಳಾಗಿ ಉಳಿದವರನ್ನು ಮುಟ್ಟುತ್ತಿತ್ತು. ವಾದ ಸರಿಯೋ ತಪ್ಪೋ ಎಂದಷ್ಟೇ ಅವರು ನೋಡಿದರು. ನಮ್ಮ ಹುಡುಗನಿಗೂ ನಾಲ್ಕು ತಿಂಗಳು ಆ ಭಾಗ್ಯ ಇತ್ತು.

ಹಾಗಾದರೆ ವಯಸ್ಸು ಗೊತ್ತಾಗಬೇಕಾ, ಬೇಡವಾ? 11 ವರ್ಷದ ಹುಡುಗಿಯ ಕಣ್ಣು ಉಳಿಯಬೇಕಾದರೆ ಅಲ್ಲಿ ಒಂದು ಮಗು ಇದೆ ಎಂದು ನಮಗೆ ಗೊತ್ತಿರಬೇಕಿತ್ತು. 14 ವರ್ಷದ ಹುಡುಗನ ಮಾತು ಉಳಿಯಬೇಕಾದರೆ ಅವನು ಹುಡುಗ ಎಂದು ಗೊತ್ತಾಗಬಾರದಿತ್ತು. ನಾನು ಎಷ್ಟೋ ತಿಂಗಳು ಇದನ್ನೇ ತಲೆಯಲ್ಲಿ ತಿರುಗಿಸಿದೆ. ಕೊನೆಗೆ ನನಗೆ ಹೊಳೆದದ್ದು ಇಷ್ಟು. ಈ ಮನುಷ್ಯನ ವಯಸ್ಸು ಎಷ್ಟು ಎಂದು ಯಾರನ್ನೂ ಕೇಳಬೇಕಿಲ್ಲ. ಓದುವವರಲ್ಲಿ ಒಂದು ಮಗು ಇದ್ದೇ ಇದೆ ಎಂದುಕೊಂಡು ಜಾಗವನ್ನು ಕಟ್ಟಬೇಕು. ಬರೆಯುವವರು ಎಲ್ಲರೂ ದೊಡ್ಡವರೇ ಎಂದುಕೊಂಡು ಅವರ ಮಾತಿಗೆ ಉತ್ತರ ಕೊಡಬೇಕು.

ಹೇಳುವುದು ಸುಲಭ. ಕಟ್ಟುವುದು ಹೇಗೆ?

ಮಕ್ಕಳಿಗಾಗಿಯೇ ಕಟ್ಟಿದ ಜಾಗಗಳನ್ನು ನೋಡಿದೆ. ಕ್ಲಬ್ ಪೆಂಗ್ವಿನ್ ಎಂಬ ಆಟದ ತಾಣ 2005ರಿಂದ 2017ರವರೆಗೆ ಇತ್ತು. ಅದರಲ್ಲಿ ಮಾತಾಡಲು ಎರಡು ದಾರಿ. ಒಂದರಲ್ಲಿ ಟೈಪ್ ಮಾಡಬಹುದು, ಫಿಲ್ಟರ್ ಒಪ್ಪಿದ ಪದ ಮಾತ್ರ ಬೇರೆಯವರಿಗೆ ಕಾಣುತ್ತದೆ. ಇನ್ನೊಂದರಲ್ಲಿ ಟೈಪ್ ಮಾಡುವ ಹಾಗೇ ಇಲ್ಲ, ಮೊದಲೇ ಬರೆದಿಟ್ಟ ವಾಕ್ಯಗಳ ಪಟ್ಟಿಯಿಂದ ಆರಿಸಬೇಕು. ಅಂಥ ಕಡೆ ಅಪಾಯ ಕಡಿಮೆ. ಆದರೆ ಮಗು ತನ್ನದೇ ಒಂದು ಮಾತು ಹೇಳಲು ಆಗುವುದಿಲ್ಲ. ಯೂಟ್ಯೂಬ್ ಇನ್ನೂ ನೇರವಾದ ದಾರಿ ಹಿಡಿಯಿತು. ಮಕ್ಕಳ ಮಾಹಿತಿ ಸಂಗ್ರಹಿಸಿದ್ದಕ್ಕೆ 2019ರಲ್ಲಿ ಅಮೆರಿಕದಲ್ಲಿ ಗೂಗಲ್ 17 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಆಮೇಲೆ, 2020ರ ಜನವರಿಯಿಂದ, ಮಕ್ಕಳಿಗಾಗಿ ಎಂದು ಗುರುತಾದ ವಿಡಿಯೋಗಳಲ್ಲಿ ಕಾಮೆಂಟ್ ಮುಚ್ಚಿಹೋಯಿತು. ಮಕ್ಕಳು ನೋಡಬಹುದು, ಅಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಬಾಯಿ ಮುಚ್ಚಿಸುವುದು ಎಲ್ಲಕ್ಕಿಂತ ಅಗ್ಗದ ಮಾಡರೇಷನ್. ಅದನ್ನು ರಕ್ಷಣೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನನಗೆ ಹಿಡಿಸಿದ್ದು ಸ್ಕ್ರ್ಯಾಚ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನವರು 2007ರಲ್ಲಿ ಶುರುಮಾಡಿದ್ದು, ಮುಖ್ಯವಾಗಿ 8ರಿಂದ 16 ವರ್ಷದವರಿಗೆ. ಮಕ್ಕಳು ತಾವೇ ಆಟ, ಕಥೆ ಮಾಡಿ ಹಂಚಿಕೊಳ್ಳುತ್ತಾರೆ. ಬೇರೆಯವರ ಕೆಲಸದ ಕೆಳಗೆ ಕಾಮೆಂಟ್ ಬರೆಯುತ್ತಾರೆ. ಇನ್ನೊಬ್ಬರು ಮಾಡಿದ್ದನ್ನು ತೆಗೆದುಕೊಂಡು ಬದಲಿಸಿ ತಮ್ಮದು ಮಾಡುತ್ತಾರೆ. ಖಾಸಗಿ ಸಂದೇಶ ಮಾತ್ರ ಇಲ್ಲವೇ ಇಲ್ಲ. ಏನು ಹೇಳುವುದಿದ್ದರೂ ಎಲ್ಲರ ಎದುರಿಗೆ ಹೇಳಬೇಕು. ಈ ಒಂದೇ ತೀರ್ಮಾನದಿಂದ ಎಷ್ಟು ಅಪಾಯ ತಪ್ಪುತ್ತದೆ, ಆದರೂ ಮಗುವಿನ ಮಾತು ಎಷ್ಟು ಉಳಿಯುತ್ತದೆ ನೋಡಿ. ಯಾರನ್ನು ಒಳಗೆ ಬಿಡಬೇಕು ಎಂಬುದಕ್ಕಿಂತ ಒಳಗೆ ಎಂಥ ಮೂಲೆಗಳಿವೆ ಎಂಬುದನ್ನು ಅವರು ಮೊದಲು ಯೋಚಿಸಿದ್ದಾರೆ.

ಅದನ್ನು ನೋಡಿ ನಾವು ಖಾಸಗಿ ಸಂದೇಶ ನಿಲ್ಲಿಸಿದೆವು. ಬಹಳ ಜನಕ್ಕೆ ಕೋಪ ಬಂತು. ಟೆಲಿಸ್ಕೋಪ್ ಮಾರುವವರು, ಕೊಳ್ಳುವವರು ಹೇಗೆ ಮಾತಾಡಬೇಕು ಎಂದು ಕೇಳಿದರು. ಅದಕ್ಕೆ ಬೇರೆ ದಾರಿ ಮಾಡಿಕೊಟ್ಟೆವು. ಸದಸ್ಯರು ನಮ್ಮನ್ನು ಸಂಪರ್ಕಿಸುವ ಒಂದು ದಾರಿ ಮಾತ್ರ ಉಳಿಯಿತು, ಅಲ್ಲಿಗೆ ಬಂದದ್ದು ನಾಲ್ವರಿಗೂ ಕಾಣುತ್ತದೆ. ಮಾಡರೇಟರ್ ಆದರೂ ಯಾವ ಸದಸ್ಯರ ಜೊತೆಗೂ ಒಬ್ಬರೇ ಖಾಸಗಿಯಾಗಿ ಮಾತಾಡುವಂತಿಲ್ಲ, ಇಬ್ಬರು ಇರಲೇಬೇಕು. ಈ ನಿಯಮ ನಮ್ಮ ಮೇಲೆ ಅನುಮಾನದಿಂದ ಬಂದದ್ದಲ್ಲ. ಯಾವ ಮಗುವೂ, ಯಾವ ಮನೆಯವರೂ ನಮ್ಮನ್ನು ಸುಮ್ನೆ ನಂಬಬೇಕಾದ ಸ್ಥಿತಿ ಬರಬಾರದು ಎಂದು.

ವಿಕಿಪೀಡಿಯಾದಿಂದ ಕಲಿತದ್ದು ಇನ್ನೊಂದು. ಅಲ್ಲಿ ತಿದ್ದಲು ವಯಸ್ಸು ಕೇಳುವುದಿಲ್ಲ. ಆದರೆ ಬಳಕೆದಾರರ ಗುಟ್ಟಿನ ಮಾಹಿತಿ ನೋಡುವ ಅಧಿಕಾರ ಬೇಕಾದರೆ 18 ಆಗಿರಬೇಕು. ಮಾತಿಗೆ ವಯಸ್ಸು ಬೇಡ, ಹೊಣೆಗೆ ಬೇಕು. ನಾವೂ ಮಾಡರೇಟರ್ ಆಗಲು 18 ಎಂದು ಇಟ್ಟೆವು. 16ರ ಒಬ್ಬ ಹುಡುಗಿ, ನಮ್ಮೆಲ್ಲರಿಗಿಂತ ತಾಳ್ಮೆ ಇದ್ದವಳು, ನಾನೂ ಸಹಾಯ ಮಾಡುತ್ತೇನೆ ಎಂದು ಕೇಳಿದಳು. ಬೇಡ ಎಂದೆವು. ನಿನಗೆ ಆಗುವುದಿಲ್ಲ ಎಂದಲ್ಲ, ಎಂದು ಬರೆದೆ. ದೂರು ಬಂದ ಚಿತ್ರಗಳನ್ನು ನಡುರಾತ್ರಿ ಮೊದಲು ತೆರೆದು ನೋಡುವುದು ಮಾಡರೇಟರ್. ಕೆಲವು ಚಿತ್ರಗಳು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಅವು ಅವಳ ತಲೆಗೆ ಹೋಗುವುದು ನನಗೆ ಬೇಡವಾಗಿತ್ತು.

ಇಷ್ಟೆಲ್ಲ ಹೇಳುವಾಗ ಮಕ್ಕಳ ಮಾತೇ ಆಯಿತು. ಇನ್ನೊಂದು ತುದಿಯವರ ಬಗ್ಗೆ ನಮಗೆ ತಿಳಿದದ್ದು ಇನ್ನೂ ತಡವಾಗಿ.

ನಮ್ಮಲ್ಲಿ ಒಂದು ಸ್ವಯಂಚಾಲಿತ ನಿಯಮ ಇತ್ತು. ಚಿತ್ರ ಹಾಕಿದರೆ ಯಾವ ಕ್ಯಾಮೆರಾ, ಎಷ್ಟು ಸೆಕೆಂಡ್ ಎಕ್ಸ್‌ಪೋಷರ್ ಎಂದು ಬರೆಯಬೇಕು. ಬರೆಯದಿದ್ದರೆ ಪೋಸ್ಟ್ ತಾನಾಗೇ ಅಳಿಸಿಹೋಗುತ್ತದೆ. ಇಂಟರ್ನೆಟ್‌ನಿಂದ ಎತ್ತಿದ ಚಿತ್ರಗಳನ್ನು ತಡೆಯಲು ನಾನೇ ಬರೆದ ನಿಯಮ ಅದು. ಒಂದು ದಿನ ಅಳಿಸಿಹೋದವುಗಳ ಪಟ್ಟಿ ನೋಡುತ್ತಿದ್ದೆ. ಒಂದೇ ಹೆಸರು ಏಳು ಸಲ ಇತ್ತು. ತೆರೆದು ನೋಡಿದರೆ ಪೆನ್ಸಿಲ್ಲಿನಲ್ಲಿ ಬರೆದ ಸೂರ್ಯ. ಬಿಳಿ ಕಾಗದದ ಮೇಲೆ ಟೆಲಿಸ್ಕೋಪಿನಿಂದ ಸೂರ್ಯನ ಬಿಂಬ ಬೀಳಿಸಿ, ಕಲೆಗಳನ್ನು ಒಂದೊಂದಾಗಿ ಗುರುತು ಮಾಡಿದ್ದು. ಕೆಳಗೆ ತಾರೀಖು, ಸಮಯ, ಮೋಡ ಎಷ್ಟಿತ್ತು ಎಂಬ ಟಿಪ್ಪಣಿ. ಬರೆದವರಿಗೆ 74 ವರ್ಷ. ಮೂವತ್ತು ವರ್ಷದಿಂದ ಹೀಗೆ ಚಿತ್ರ ಬರೆಯುತ್ತಿದ್ದಾರಂತೆ. ಕ್ಯಾಮೆರಾ ಇಲ್ಲದ್ದರಿಂದ ನಮ್ಮ ನಿಯಮ ಅವರನ್ನು ಏಳು ಸಲ ಹೊರಗೆ ಹಾಕಿತ್ತು. ಅವರು ಒಂದು ಸಲವೂ ದೂರಿರಲಿಲ್ಲ. ತನ್ನದೇ ಏನೋ ತಪ್ಪು, ಒತ್ತಬೇಕಾದ್ದನ್ನು ಒತ್ತಲಿಲ್ಲವೇನೋ ಎಂದುಕೊಂಡು ಮತ್ತೆ ಮತ್ತೆ ಹಾಕಿದ್ದರು.

ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ 1917ರಿಂದ ಸೂರ್ಯನ ಕಲೆಗಳನ್ನು ಕೈಯಲ್ಲೇ ಬರೆದು ದಾಖಲಿಸುತ್ತ ಬಂದಿದ್ದಾರೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈಬರಹದ ಚಿತ್ರಕ್ಕೆ ಜಾಗ ಇಲ್ಲದ ನಿಯಮ ಬರೆದಿದ್ದೆ. ಯಾಕೆಂದರೆ ಆ ನಿಯಮ ಬರೆಯುವಾಗ ನನ್ನ ಕಣ್ಣೆದುರು ಇದ್ದವರು ನನ್ನದೇ ವಯಸ್ಸಿನವರು, ನನ್ನಂಥದ್ದೇ ಕ್ಯಾಮೆರಾ ಇಟ್ಟುಕೊಂಡವರು.

ಹಿರಿಯರ ಬಗ್ಗೆ ಬೇರೆ ಮಾತು ಕೇಳಿಬರುತ್ತದೆ, ಸುಳ್ಳು ಸುದ್ದಿ ಹಂಚುವವರು ಅವರೇ ಎಂದು. 2016ರ ಅಮೆರಿಕದ ಚುನಾವಣೆಯ ಹೊತ್ತಿನ ಫೇಸ್‌ಬುಕ್ ಅಧ್ಯಯನ ಒಂದು 2019ರಲ್ಲಿ ಬಂತು. 65 ದಾಟಿದವರು ತೀರಾ ಕಿರಿಯರಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಸುಳ್ಳು ಸುದ್ದಿ ಹಂಚಿದ್ದರು ಎಂದು ಅದರಲ್ಲಿದೆ. ಅಧ್ಯಯನದ ಬಗ್ಗೆ ನನಗೆ ತಕರಾರಿಲ್ಲ. ಹೆಚ್ಚಿನವರು ಹಂಚಿಯೇ ಇರಲಿಲ್ಲ ಎಂಬುದೂ ಅದರಲ್ಲೇ ಇದೆ, ಅದನ್ನು ಯಾರೂ ಹೇಳುವುದಿಲ್ಲ. ವಯಸ್ಸಾದವರನ್ನು ಗೇಲಿ ಮಾಡಲು ಆ ಒಂದು ಅಂಕಿಯನ್ನು ಎತ್ತಿಕೊಳ್ಳುವುದು ನನಗೆ ಸಹಿಸಲಾಗುವುದಿಲ್ಲ.

ಗುಂಪಿನ ಮೇಲ್ಭಾಗದಲ್ಲಿ ಸೂರ್ಯನನ್ನು ನೋಡುವ ಬಗ್ಗೆ ಈಗ ಒಂದು ಬರಹ ಪಿನ್ ಆಗಿದೆ. ಗ್ರಹಣದ ಕನ್ನಡಕ ಬರಿಗಣ್ಣಿಗೆ ಮಾತ್ರ, ಅದನ್ನು ಹಾಕಿಕೊಂಡು ಬೈನಾಕ್ಯುಲರ್ ಹಿಡಿಯಬಾರದು. ಟೆಲಿಸ್ಕೋಪಿನ ಫಿಲ್ಟರ್ ಮುಂದಿನ ತುದಿಯಲ್ಲಿರಬೇಕು, ಕಣ್ಣಿಡುವ ಕಡೆ ಇರುವ ಫಿಲ್ಟರ್ ಬಿಸಿಗೆ ಒಡೆಯಬಹುದು. ಬಿಂಬ ಬೀಳಿಸುವ ಟೆಲಿಸ್ಕೋಪನ್ನು ಒಂದು ನಿಮಿಷವೂ ಒಂಟಿಯಾಗಿ ಬಿಟ್ಟುಹೋಗಬಾರದು, ಯಾರಾದರೂ ಬಂದು ಕಣ್ಣಿಟ್ಟಾರು. ಈ ಕೊನೆಯ ಮಾತು ಆ 74ರ ಅಮ್ಮನದೇ, ಅವರು ಬರೆದುಕೊಟ್ಟ ಹಾಗೇ ಇಟ್ಟಿದ್ದೇವೆ. ನಿಯಮ ಮುಂದೆ ಹಾಕಿದರೆ ಹೊಸಬರು ಹೆದರಿ ಹೋಗುತ್ತಾರೆ ಎಂಬ ಅಳುಕು ನನಗಿತ್ತು. ರೆಡ್ಡಿಟ್ ಎಂಬ ಚರ್ಚೆಯ ತಾಣದ ವಿಜ್ಞಾನ ಗುಂಪಿನಲ್ಲಿ ನೇಥನ್ ಮಟಾಯಸ್ ಎಂಬ ಸಂಶೋಧಕರು ಇದನ್ನೇ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. 2,190 ಚರ್ಚೆಗಳಲ್ಲಿ ಕೆಲವಕ್ಕೆ ಮಾತ್ರ ನಿಯಮಗಳನ್ನು ಮೇಲೆ ಅಂಟಿಸಿ ನೋಡಿದರು. ಅಂಟಿಸಿದ ಕಡೆ ಹೊಸಬರು ನಿಯಮ ಪಾಲಿಸಿದ್ದು ಜಾಸ್ತಿ, ಅಷ್ಟೇ ಅಲ್ಲ, ಮಾತಾಡಲು ಮುಂದೆ ಬಂದ ಹೊಸಬರು ಸರಾಸರಿ ಶೇ 70ರಷ್ಟು ಜಾಸ್ತಿ. ಇಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂದು ಗೊತ್ತಾದಾಗ ಧೈರ್ಯ ಬರುತ್ತದೆ, ಅಲ್ವಾ. ನಮ್ಮಲ್ಲೂ ಅದಾದ ಮೇಲೆ ಮೊದಲ ಸಲ ಬರೆಯುವವರು ಹೆಚ್ಚಿದರು.

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ತುಂಬದವರು ದೊಡ್ಡ ಸಾಮಾಜಿಕ ಜಾಲಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ತಡೆಯುವ ಹೊಣೆ ಕಂಪನಿಗಳದು, ತಪ್ಪಿದರೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಆ ಕಾನೂನಿನ ಹಿಂದಿನ ಭಯ ನನಗೆ ಅರ್ಥವಾಗುತ್ತದೆ. ಆ ಭಯ ಹುಟ್ಟಿಸುವಂಥ ಸಂದೇಶಗಳನ್ನು ನಾನೂ ಓದಿದ್ದೇನೆ. ಆದರೆ ಖಾತೆ ಇಲ್ಲದೆಯೂ ಯೂಟ್ಯೂಬ್ ನೋಡಬಹುದು. ಓದುವ ಮಗು, ನೋಡುವ ಮಗು ಅಲ್ಲೇ ಇರುತ್ತದೆ. ಕೈಯೆತ್ತಿ ಪ್ರಶ್ನೆ ಕೇಳುವ ದಾರಿ ಮಾತ್ರ ಮುಚ್ಚುತ್ತದೆ. ಅಮ್ಮನ ಫೋನಿನಿಂದ ಆ ಹುಡುಗಿ ಪ್ರಶ್ನೆ ಕೇಳದೇ ಹೋಗಿದ್ದರೆ? ಎರಡು ಕೂಲಿಂಗ್ ಗ್ಲಾಸ್ ಸಾಕು ಎಂದು ತಾನೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದರೆ? ಈ ಯೋಚನೆ ನನ್ನನ್ನು ಬಿಟ್ಟಿಲ್ಲ.

ಜೋಕ್ ಹೇಳಿದ ಹಿರಿಯರು ಒಂದು ತಿಂಗಳು ಗುಂಪಿಗೆ ಬರಲಿಲ್ಲ. ಆ ತಾಯಿ ಬರೆದದ್ದನ್ನು, ಅವರ ಒಪ್ಪಿಗೆ ಕೇಳಿ, ಹಿರಿಯರಿಗೆ ಕಳಿಸಿದೆ. ಅವರು ಉತ್ತರ ಬರೆಯಲಿಲ್ಲ. ಮುಂದಿನ ಗ್ರಹಣಕ್ಕೆ ಮೂರು ದಿನ ಮುಂಚಿನಿಂದ, ಸೂರ್ಯನ ಬಗ್ಗೆ ಬಂದ ಪ್ರತಿ ಪ್ರಶ್ನೆಗೂ ಎಲ್ಲರಿಗಿಂತ ಮೊದಲು ಅವರೇ ಉತ್ತರ ಕೊಡುತ್ತಿದ್ದರು. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಮಗುವಿಗೂ ಅರ್ಥವಾಗುವ ಹಾಗೆ.

ಕಳೆದ ಚಳಿಗಾಲದಲ್ಲಿ ಗುಂಪಿಗೆ ಹೊಸ ಹೆಸರೊಂದು ಬಂತು. ಪ್ರೊಫೈಲಿನಲ್ಲಿ ಏನೂ ಇಲ್ಲ. ನಕ್ಷತ್ರಗಳ ಕಾಂತಿ ಅಂದಾಜು ಮಾಡುವವರ ಎಳೆಯಲ್ಲಿ ಅವರು ಮೊದಲ ಸಲ ಬರೆದರು: "ಆರ್ದ್ರೆ ಇವತ್ತು ರೋಹಿಣಿಗಿಂತ ಮೂರು ಗೆರೆ ಹೆಚ್ಚು ಹೊಳಪು."

ಗೆರೆ ಎಂಬ ಪದ ನೋಡಿ ನನ್ನ ಎದೆ ಝಲ್ ಎಂದಿತು. ಇಷ್ಟು ವರ್ಷ ಎಲ್ಲಿದ್ದೆ, ಎಷ್ಟು ದೊಡ್ಡವನಾದೆ, ಏನು ಓದುತ್ತಿದ್ದೀಯಾ ಎಂದು ಕೇಳಲು ಬೆರಳು ತುದಿಗೆ ಬಂದಿತ್ತು. ಬರೆದದ್ದನ್ನು ಅಳಿಸಿದೆ. ಮತ್ತೆ ಬರೆದೆ. "ನನಗೆ ಎರಡೇ ಗೆರೆ ಕಂಡಿತು. ನೀವು ನೋಡುವಾಗ ಎರಡೂ ಒಂದೇ ಎತ್ತರದಲ್ಲಿದ್ದವಾ?"

ಐದು ನಿಮಿಷದಲ್ಲಿ ಉತ್ತರ ಬಂತು. ಇರಲಿಲ್ಲ, ಆದರೆ ಗಾಳಿಯ ಲೆಕ್ಕ ಕಳೆದೇ ಬರೆದಿದ್ದೇನೆ, ನೀವು ಕಳೆದಿಲ್ಲ ಅನ್ನಿಸುತ್ತದೆ, ಇನ್ನೊಮ್ಮೆ ನೋಡಿ ಎಂದು. ಜಾಕೆಟ್ ಹಾಕಿಕೊಂಡು ತಾರಸಿಗೆ ಹೋದೆ.